ಏರುವ ಬೆಲೆ, ಮುಪ್ಪಾಗುವ ಬ್ಯಾಟರಿ

ಮೊನ್ನೆ ದುಬೈಯಿಂದ ರಜೆಗೆ ಬಂದ ಅಕ್ಕನ ಮಗ ನಮ್ಮ ಜಗಲಿಯಲ್ಲಿ ಕೂತು ಒಂದು ಜೊತೆ ರಬ್ಬರ್ ಗ್ಲೌಸ್ ತೋರಿಸಿದ. ಕರೆಂಟಿನ ಶಾಕ್ ತಡೆಯುವ ದಪ್ಪ ರಬ್ಬರು, ಮೊಣಕೈ ಹತ್ತಿರದವರೆಗೆ ಬರುವಷ್ಟು ಉದ್ದ. ಅದರ ಬಾಯಿಯನ್ನು ಎರಡು ಸುತ್ತು ಸುರುಳಿ ಸುತ್ತಿದ. ಒಳಗೆ ಸಿಕ್ಕಿಕೊಂಡ ಗಾಳಿಗೆ ಐದೂ ಬೆರಳು ಉಬ್ಬಿ ನಿಂತವು. ಅದನ್ನು ಕಿವಿ ಹತ್ತಿರ ಹಿಡಿದು ಮೆಲ್ಲಗೆ ಒತ್ತಿದ.

"ಸೂಜಿಮೊನೆಯಷ್ಟು ತೂತಿದ್ದರೂ ಸುಯ್ ಅಂತ ಕೇಳ್ತದೆ ಮಾವ. ಕೇಳಿದರೆ ಬಿಸಾಡಬೇಕು. ದಿನಾ ಕೆಲಸಕ್ಕೆ ಮೊದಲು ಇದೊಂದು ಉಂಟು."

ಇವನು ಕಾಸರಗೋಡಿನಲ್ಲಿ ಐಟಿಐ ಕಲಿತವನು. ಕುಂಬಳೆಯ ಒಂದು ಗ್ಯಾರೇಜಿನಲ್ಲಿ ಮೂರು ವರ್ಷ ಜೀಪುಗಳ ಅಡಿಯಲ್ಲಿ ಮಲಗಿ ಕೈ ಪಳಗಿಸಿಕೊಂಡವನು. ಈಗ ದುಬೈಯಲ್ಲಿ ಶ್ರೀಮಂತರ ಕಾರುಗಳನ್ನು ಜೋಪಾನ ಮಾಡಿ ಇಡುವ ಒಂದು ದೊಡ್ಡ ಶೆಡ್ಡಿನಲ್ಲಿ ಇದ್ದಾನೆ. ಅಲ್ಲಿರುವ ಕೆಲವು ಕಾರುಗಳು ಇಡೀ ಲೋಕದಲ್ಲಿ ಕೆಲವು ನೂರು ಮಾತ್ರ ಇರುವಂಥವು. ಪೆಟ್ರೋಲ್ ಎಂಜಿನ್ನೂ ಉಂಟು, ಕರೆಂಟಿನ ಮೋಟಾರೂ ಉಂಟು. ಹೈಬ್ರಿಡ್ ಸೂಪರ್‌ಕಾರುಗಳು. ಅವನ್ನು ಓಡಿಸುವುದು ಇವನ ಕೆಲಸವಲ್ಲ. ಟಯರಿನ ಗಾಳಿ ನೋಡಬೇಕು. ಚಾರ್ಜರಿನ ಹಸಿರು ದೀಪ ಉರಿಯುತ್ತಾ ಇದೆಯಾ ನೋಡಬೇಕು. ನೋಡಿದ್ದನ್ನು ಪುಸ್ತಕದಲ್ಲಿ ಬರೆಯಬೇಕು.

"ಒಂದು ಕಾರು ಉಂಟು. ಬಂದು ಹತ್ತು ವರ್ಷ ಆಯ್ತು. ಮೀಟರಿನಲ್ಲಿ 400 ಕಿಲೋಮೀಟರ್ ಸಹ ಆಗ್ಲಿಲ್ಲ" ಅಂದ.

ಅಂದರೆ ನಮ್ಮಲ್ಲಿಂದ ಬೆಂಗಳೂರಿಗೆ ಒಂದು ಸಲ ಹೋದಷ್ಟು ದೂರ. ಹತ್ತು ವರ್ಷದಲ್ಲಿ ಅಷ್ಟೇ. ಗಂಟೆಗೆ 350 ಕಿ.ಮೀ. ಓಡಲೆಂದು ಕಟ್ಟಿದ ಯಂತ್ರ ಅದು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಇದು ಯಂತ್ರವೋ, ಲಾಕರಿನಲ್ಲಿಡುವ ಚಿನ್ನವೋ? ಎರಡೂ ಹೌದು ಅಂತ ಜನ ಹೇಳುತ್ತಾರೆ. ಆದರೆ ಈ ಎರಡು ಗುಣಗಳು ಒಂದೇ ಕಾರಿನೊಳಗೆ ಒಂದನ್ನೊಂದು ಎಳೆದಾಡುತ್ತಿವೆ. ಲೋಕದಲ್ಲಿ ಕೆಲವೇ ಇರುವ ಕಾರಣ ಕಾರು ಹಳತಾದಷ್ಟೂ ಅದರ ಬೆಲೆ ಏರಬಹುದು. ಅದೇ ಕಾರಿನ ಬ್ಯಾಟರಿ ಹಳತಾದಷ್ಟೂ ಸಾಯುತ್ತಾ ಬರುತ್ತದೆ. ಈ ಎಳೆದಾಟ ಅರ್ಥವಾದರೆ ಈ ಕಾರುಗಳ ವಿಷಯ ಮುಕ್ಕಾಲು ಪಾಲು ಅರ್ಥವಾದಂತೆ.

2013ರಿಂದ ಶುರು ಮಾಡುತ್ತೇನೆ. ಆ ವರ್ಷ ಮೂರು ಕಾರುಗಳು ಒಟ್ಟೊಟ್ಟಿಗೆ ಬಂದವು. ಇಟಲಿಯ ಫೆರಾರಿ ಮಾಡಿದ ಲಾಫೆರಾರಿ, ಬ್ರಿಟನ್ನಿನ ಮೆಕ್‌ಲಾರೆನ್ ಮಾಡಿದ ಪಿ1, ಜರ್ಮನಿಯ ಪೋರ್ಷೆ ಮಾಡಿದ 918 ಸ್ಪೈಡರ್. ಹೈಬ್ರಿಡ್ ಅಂದರೆ ಪೆಟ್ರೋಲ್ ಉಳಿಸುವ ಉಪಾಯ ಅಂತಲೇ ಅದುವರೆಗೆ ಎಲ್ಲರ ತಲೆಯಲ್ಲಿತ್ತು. ಜಪಾನಿನಲ್ಲಿ 1997ರಲ್ಲೇ ಟೊಯೋಟಾ ಪ್ರಿಯಸ್ ಬಂದಿತ್ತಲ್ಲ, ಅದೇ ದಾರಿ. ಈ ಮೂರು ಕಾರುಗಳು ಅದೇ ಉಪಾಯವನ್ನು ವೇಗಕ್ಕೆ ಬಳಸಿದವು.

ಲಾಫೆರಾರಿಯ ಹಿಂಭಾಗದಲ್ಲಿ 12 ಸಿಲಿಂಡರಿನ, 6,262 ಸಿಸಿಯ ಎಂಜಿನ್. ಅದೊಂದೇ 800 ಅಶ್ವಶಕ್ತಿ ಕೊಡುತ್ತದೆ. ಜತೆಗೆ 163 ಅಶ್ವಶಕ್ತಿಯ ಮೋಟಾರು. ಒಟ್ಟು 963. ಪಿ1ರಲ್ಲಿ 3.8 ಲೀಟರಿನ ಟರ್ಬೊ ಎಂಜಿನ್, ಮೋಟಾರು ಸೇರಿ 916. ಪೋರ್ಷೆಯಲ್ಲಿ ಎರಡು ಮೋಟಾರು, ಮುಂದಿನ ಚಕ್ರಕ್ಕೊಂದು, ಹಿಂದಿನದಕ್ಕೊಂದು. ಒಟ್ಟು 887. ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ 20 ಕಿ.ಮೀ.ಗಿಂತ ಉದ್ದದ ಒಂದು ತಿರುವುಮುರುವಿನ ಟ್ರ್ಯಾಕ್ ಇದೆ. ಹೊಸ ಕಾರಿನ ತಾಕತ್ತು ನೋಡುವುದು ಅಲ್ಲಿಯೇ. 2013ರ ಸೆಪ್ಟೆಂಬರಿನಲ್ಲಿ 918 ಅದನ್ನು 6 ನಿಮಿಷ 57 ಸೆಕೆಂಡಿನಲ್ಲಿ ಸುತ್ತಿತು. ರಸ್ತೆಗೆ ಬಿಡುವ ಕಾರೊಂದು ಅಲ್ಲಿ 7 ನಿಮಿಷದ ಒಳಗೆ ಬಂದದ್ದು ಅದೇ ಮೊದಲು ಅಂತ ಪೋರ್ಷೆ ಹೇಳಿಕೊಂಡಿತು.

ಮೋಟಾರು ಸೇರಿಸಿದ್ದರಿಂದ ಆದ ಲಾಭ ಏನು? ಇದನ್ನು ತೋಟ ಇರುವವರಿಗೆ ಹೇಳುವುದು ಸುಲಭ. ನಮ್ಮ ಕೆರೆ ಹತ್ತಿರ ಎರಡು ಪಂಪ್ ಇವೆ. ಕರೆಂಟ್ ಹೋದಾಗಿಗೆ ಒಂದು ಹಳೆ ಡೀಸೆಲ್ ಪಂಪ್. ಹ್ಯಾಂಡಲ್ ಹಾಕಿ ತಿರುಗಿಸಬೇಕು. ಮೊದಲು ಡುಗ್ ಡುಗ್ ಅನ್ನುತ್ತದೆ, ಕೆಮ್ಮುತ್ತದೆ, ಆಮೇಲೆ ನಿಧಾನಕ್ಕೆ ವೇಗ ಹಿಡಿಯುತ್ತದೆ. ಇನ್ನೊಂದು 5 ಎಚ್‌ಪಿಯ ಕರೆಂಟಿನ ಪಂಪ್. ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದರೆ ಸಾಕು, ಪೈಪು ಒಮ್ಮೆಗೇ ಜಗ್ಗಿ ನಿಲ್ಲುತ್ತದೆ. ಎಂಜಿನ್ನಿಗೂ ಮೋಟಾರಿಗೂ ಇರುವ ಸ್ವಭಾವದ ವ್ಯತ್ಯಾಸ ಇಷ್ಟೇ. ಎಂಜಿನ್ನಿಗೆ ಬಲ ಬರಬೇಕಾದರೆ ಅದು ಜೋರಾಗಿ ತಿರುಗಬೇಕು. ಮೋಟಾರಿಗೆ ಮೊದಲ ಸುತ್ತಿನಿಂದಲೇ ಬಲ ಇರುತ್ತದೆ.

ಲಾಫೆರಾರಿಯ ಎಂಜಿನ್ ತನ್ನ ಪೂರ್ತಿ ಶಕ್ತಿ ಕೊಡುವುದು ನಿಮಿಷಕ್ಕೆ 9,000 ಸುತ್ತಿನಲ್ಲಿ. ಕೆಳಗಿನ ಸುತ್ತಿನಲ್ಲಿ ಅದರ ಎಳೆತ ಕಡಿಮೆ. ನಮ್ಮ ಗ್ಯಾರೇಜಿನ ಮಾತಿನಲ್ಲಿ ಹೇಳುವುದಾದರೆ ಪಿಕಪ್ ಸಾಲದು. ಟರ್ಬೊ ಇರುವ ಪಿ1ಕ್ಕೆ ಇನ್ನೊಂದು ತೊಂದರೆ. ಪೆಡಲ್ ಒತ್ತಿದ ಮೇಲೆ ಟರ್ಬೊ ಗಾಳಿ ತುಂಬಿಸಲು ಒಂದು ಗಳಿಗೆ ಬೇಕು. ಆ ಸಣ್ಣ ಹಳ್ಳವನ್ನು ಮೋಟಾರು ತುಂಬುತ್ತದೆ. ಎಂಜಿನ್ ಮೇಲೆ ಬರುವವರೆಗೆ ಮೋಟಾರು ಎಳೆಯುತ್ತದೆ, ಆಮೇಲೆ ಇಬ್ಬರೂ ಸೇರಿ ಎಳೆಯುತ್ತಾರೆ. ಹಳ್ಳದ ಚಿಂತೆ ಇಲ್ಲದ ಕಾರಣ ಎಂಜಿನಿಯರುಗಳು ಎಂಜಿನ್ನನ್ನು ಜೋರಾಗಿ ತಿರುಗುವ ಹೊತ್ತಿಗೆ ಅಂತಲೇ ಹದ ಮಾಡಬಹುದು. ನನ್ನ ಕಣ್ಣಿಗೆ ಈ ಕಾರುಗಳ ನಿಜವಾದ ಚಂದ ಇರುವುದು ಇಲ್ಲಿ. ಮೋಟಾರು ಬಂದದ್ದು ಎಂಜಿನ್ನನ್ನು ಓಡಿಸಿಬಿಡಲು ಅಲ್ಲ, ಅದನ್ನು ಇನ್ನೂ ಚೆನ್ನಾಗಿ ಹಾಡಿಸಲು.

ಇನ್ನು ಬ್ಯಾಟರಿ. ಲಾಫೆರಾರಿಯ ಬ್ಯಾಟರಿಯಲ್ಲಿ ಹಿಡಿಯುವುದು 2.3 ಯುನಿಟ್ ಕರೆಂಟು. ಹೌದು, ಕೇರಳದಲ್ಲಿ ಕರೆಂಟ್ ಕೊಡುವ ಕೆಎಸ್‌ಇಬಿಯ ಬಿಲ್ಲಿನಲ್ಲಿ ಬರುವ ಅದೇ ಯುನಿಟ್. ನಮ್ಮ 5 ಎಚ್‌ಪಿ ಪಂಪು ಅದರಲ್ಲಿ ಅರ್ಧ ಗಂಟೆ ಚಿಲ್ಲರೆ ಓಡೀತು. ಕಾರಿನ ಮೋಟಾರು 120 ಕಿಲೋವ್ಯಾಟಿನದು, ಅಂಥ 32 ಪಂಪುಗಳಿಗೆ ಸಮ. ಪೂರ್ತಿ ಬಲದಲ್ಲಿ ಓಡಿಸಿದರೆ ಒಂದು ನಿಮಿಷದ ಮೇಲೆ ಹತ್ತು ಸೆಕೆಂಡಿಗೆ ಬ್ಯಾಟರಿ ಬರಿದು. ಇಷ್ಟು ಸಣ್ಣ ಬ್ಯಾಟರಿ ಯಾಕೆ ಸಾಕಾಗುತ್ತದೆ?

ಲೆಕ್ಕ ಹಾಕಿ ನೋಡಬಹುದು. 1,500 ಕಿಲೋ ತೂಕದ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೋಗುವಾಗ ಅದರ ಓಟದಲ್ಲಿರುವ ಶಕ್ತಿ ಸುಮಾರು 0.16 ಯುನಿಟ್. 300 ಕಿ.ಮೀ. ವೇಗದಲ್ಲಾದರೆ ಒಂಬತ್ತು ಪಟ್ಟು, ಅಂದರೆ 1.4 ಯುನಿಟ್ ಚಿಲ್ಲರೆ. ಬ್ರೇಕ್ ಹಾಕಿದಾಗ ಈ ಶಕ್ತಿ ಸಾಮಾನ್ಯ ಕಾರಿನಲ್ಲಿ ಬರೀ ಬಿಸಿಯಾಗಿ ಹೋಗುತ್ತದೆ. ಹೈಬ್ರಿಡ್‌ನಲ್ಲಿ ಮೋಟಾರು ಉಲ್ಟಾ ಕೆಲಸ ಮಾಡಿ ಡೈನಮೊ ಆಗುತ್ತದೆ, ಅದರ ಒಂದು ಪಾಲನ್ನು ಬ್ಯಾಟರಿಗೆ ತುಂಬುತ್ತದೆ. ಟ್ರ್ಯಾಕಿನಲ್ಲಿ ಪ್ರತಿ ತಿರುವಿಗೂ ಬ್ರೇಕು, ಪ್ರತಿ ತಿರುವಾದ ಮೇಲೂ ಎಳೆತ. ತುಂಬು, ಖಾಲಿ ಮಾಡು, ಮತ್ತೆ ತುಂಬು. ಹಾಗಾಗಿ ಬೇಕಾದದ್ದು ದೊಡ್ಡ ಟ್ಯಾಂಕಿಯಲ್ಲ, ದಪ್ಪ ಪೈಪು. ನೀರು ಸ್ವಲ್ಪವೇ ಹಿಡಿಯಲಿ, ಆದರೆ ಕಣ್ಣುಮುಚ್ಚಿ ತೆರೆಯುವುದರೊಳಗೆ ಸುರಿಯಬೇಕು, ಅಷ್ಟೇ ಬೇಗ ತುಂಬಬೇಕು. ಅಂಥ ಬ್ಯಾಟರಿ ಮಾಡುವುದು ಕಷ್ಟ. ಆ ಪಾಟಿ ಕರೆಂಟು ಹರಿಯುವಾಗ ಬಿಸಿ ಜಾಸ್ತಿ. ಆ ಬಿಸಿಯನ್ನು ಸೆಕೆಂಡು ಸೆಕೆಂಡಿಗೂ ಹೊರಗೆ ಹಾಕಬೇಕು.

ಈ ಪಾಠ ಬಂದದ್ದು ರೇಸಿನಿಂದ. 2009ರಲ್ಲಿ ಫಾರ್ಮುಲಾ 1 ರೇಸಿನಲ್ಲಿ ಕರ್ಸ್ ಅಂತ, ಬ್ರೇಕಿನ ಶಕ್ತಿ ಹಿಡಿದಿಟ್ಟು ಮತ್ತೆ ಕೊಡುವ ಒಂದು ಸಾಧನಕ್ಕೆ ಅವಕಾಶ ಕೊಟ್ಟರು. ಟ್ರ್ಯಾಕಿನ ಒಂದು ಸುತ್ತಿನಲ್ಲಿ ಆರೂಮುಕ್ಕಾಲು ಸೆಕೆಂಡಿಗೂ ಕಡಿಮೆ ಹೊತ್ತು, 60 ಕಿಲೋವ್ಯಾಟ್ ಹೆಚ್ಚಿನ ಬಲ. ಅಷ್ಟೇ. ಆ ವರ್ಷ ಹಂಗೇರಿಯಲ್ಲಿ ಲೂಯಿಸ್ ಹ್ಯಾಮಿಲ್ಟನ್ ಗೆದ್ದರು. ಕರ್ಸ್ ಇದ್ದ ಕಾರು ಗೆದ್ದದ್ದು ಅದೇ ಮೊದಲು. ನಾಲ್ಕೇ ವರ್ಷದಲ್ಲಿ ಅದು ರಸ್ತೆ ಕಾರಿಗೆ ಬಂತು.

ಆಮೇಲೆ ಏನಾಯಿತು ಗೊತ್ತಾ? ಬ್ಯಾಟರಿ ಇನ್ನೂ ಸಣ್ಣದಾಯಿತು. 2013ರ ಪಿ1ರಲ್ಲಿ 4.7 ಯುನಿಟಿನ ಬ್ಯಾಟರಿ, 179 ಅಶ್ವಶಕ್ತಿಯ ಮೋಟಾರು. 2024ರ ಅಕ್ಟೋಬರಿನಲ್ಲಿ ಅದೇ ಮೆಕ್‌ಲಾರೆನ್ ತೋರಿಸಿದ ಡಬ್ಲ್ಯು1ರಲ್ಲಿ ಬ್ಯಾಟರಿ 1.384 ಯುನಿಟ್ ಮಾತ್ರ, ಮೋಟಾರಿನ ಬಲ 347. ಮೂರರಲ್ಲಿ ಒಂದು ಪಾಲಿಗೂ ಕಡಿಮೆ ಬ್ಯಾಟರಿಯಿಂದ ಸುಮಾರು ಎರಡು ಪಟ್ಟು ಬಲ. ಎಂಜಿನ್ ಸೇರಿ ಒಟ್ಟು 1,275. ಹನ್ನೊಂದು ವರ್ಷದಲ್ಲಿ ಪೈಪು ಎಷ್ಟು ದಪ್ಪವಾಯಿತು ನೋಡಿ. ಬರೀ ಬ್ಯಾಟರಿಯಲ್ಲಿ ಅದು ಮೂರು ಕಿ.ಮೀ. ಸಹ ಹೋಗಲಾರದು. ಹೋಗಲೆಂದು ಮಾಡಿದ್ದೂ ಅಲ್ಲ. ಅದೇ ತಿಂಗಳು ಫೆರಾರಿಯ ಎಫ್80 ಬಂತು. 3 ಲೀಟರಿನ ಆರು ಸಿಲಿಂಡರ್ ಎಂಜಿನ್, ಮೂರು ಮೋಟಾರು, ಒಟ್ಟು 1,200 ಅಶ್ವಶಕ್ತಿ. ಬೆಲೆ ಸುಮಾರು 36 ಲಕ್ಷ ಯೂರೊ, ಆಗಿನ ಲೆಕ್ಕದಲ್ಲಿ 32 ಕೋಟಿ ರೂಪಾಯಿ ಮೇಲೆ.

ಎಲ್ಲಕ್ಕಿಂತ ಹಟದ ಕೆಲಸ ಮರ್ಸಿಡಿಸ್ ಎಎಂಜಿ ಒನ್‌ದು. ರೇಸ್ ಕಾರಿನ 1.6 ಲೀಟರ್ ಎಂಜಿನ್ನನ್ನೇ ತಂದು ರಸ್ತೆ ಕಾರಿಗೆ ಹಾಕುತ್ತೇವೆ ಅಂತ 2017ರಲ್ಲಿ ಹೊರಟರು. ಗಾತ್ರದಲ್ಲಿ ಅದು ನಮ್ಮ ಟ್ಯಾಕ್ಸಿ ಎಂಜಿನ್ನಿನಷ್ಟೇ. ಆದರೆ ಆ ಜಾತಿಯ ಎಂಜಿನ್ ಬೆಳಗ್ಗೆ ಕೀಲಿ ತಿರುಗಿಸಿದರೆ ಏಳುವುದಲ್ಲ. ರೇಸಿನಲ್ಲಿ ಅದನ್ನು ಮೊದಲೇ ಬಿಸಿ ಮಾಡಿ ಎಬ್ಬಿಸುತ್ತಾರೆ. ರಸ್ತೆಯಲ್ಲಿ ಅದು ಸಿಗ್ನಲ್ಲಿನಲ್ಲಿ ಸುಮ್ಮನೆ ನಿಲ್ಲಬೇಕು, ಹೊಗೆ ಪರೀಕ್ಷೆಯಲ್ಲಿ ಪಾಸಾಗಬೇಕು. ಇದನ್ನೆಲ್ಲ ಸರಿ ಮಾಡಿ ತಯಾರಿ ಶುರುವಾಗುವಾಗ 2022 ಆಗಿತ್ತು. ಮಾಡಿದ್ದು 275 ಕಾರು. 2024ರಲ್ಲಿ ಅದು ನ್ಯೂರ್‌ಬರ್ಗ್‌ರಿಂಗ್ ಸುತ್ತಿದ್ದು 6 ನಿಮಿಷ 29 ಸೆಕೆಂಡಿನಲ್ಲಿ. ಐದು ವರ್ಷ ಬಿಡದೆ ಕೂತು ಆ ಎಂಜಿನ್ನಿಗೆ ರಸ್ತೆಯ ನಡತೆ ಕಲಿಸಿದ ಎಂಜಿನಿಯರುಗಳ ಬಗ್ಗೆ ನನಗೆ ದೊಡ್ಡ ಗೌರವ ಇದೆ.

ಇಂಥ ಕಾರಿನಲ್ಲಿ ಕಲಿತದ್ದು ಆಮೇಲೆ ನಮ್ಮ ನಿಮ್ಮ ಕಾರಿಗೆ ಇಳಿದು ಬರುತ್ತದೆ ಅಂತ ಒಂದು ಮಾತು ಇದೆ. ಪೂರ್ತಿ ಒಪ್ಪಲು ಆಗುವುದಿಲ್ಲ. ಹೈಬ್ರಿಡ್ ವಿಷಯದಲ್ಲಂತೂ ಪ್ರಿಯಸ್ ಇವರಿಗಿಂತ 16 ವರ್ಷ ಮೊದಲೇ ರಸ್ತೆಯಲ್ಲಿತ್ತು. ತಲಪಾಡಿಯಿಂದ ಚೆರ್ಕಳ ಕಡೆಗೆ ಹೊಸ ಆರು ಪಥದ ಹೈವೇಯಲ್ಲಿ ಓಡುವ ಇನ್ನೋವಾ ಹೈಕ್ರಾಸ್‌ನ ಅಜ್ಜ ಪ್ರಿಯಸ್, ಲಾಫೆರಾರಿ ಅಲ್ಲ.

ಈಗ ದುಡ್ಡಿನ ವಿಷಯಕ್ಕೆ ಬರೋಣ.

ಬೇಡಿಕೆ ಎಷ್ಟಿದೆಯೋ ಅದಕ್ಕಿಂತ ಒಂದು ಕಾರು ಕಡಿಮೆ ಮಾಡಬೇಕು ಅನ್ನುವುದು ಫೆರಾರಿ ಕಂಪನಿ ಕಟ್ಟಿದ ಎಂಜೊ ಫೆರಾರಿಯವರ ಹೆಸರಿನಲ್ಲಿ ಓಡಾಡುವ ಮಾತು. ಲಾಫೆರಾರಿ ಮಾಡಿದ್ದು 499. ಮೆಕ್‌ಲಾರೆನ್ ಪಿ1 ಮಾಡಿದ್ದು 375. ಪೋರ್ಷೆ ತನ್ನ ಕಾರಿನ ಹೆಸರಿನಷ್ಟೇ, 918. ಎಫ್80ಕ್ಕೆ 799, ಡಬ್ಲ್ಯು1ಕ್ಕೆ 399. ದುಡ್ಡಿದ್ದ ಮಾತ್ರಕ್ಕೆ ಇವು ಸಿಗುವುದೂ ಇಲ್ಲ. ಫೆರಾರಿಯಂಥ ಕಂಪನಿಗಳು ಹಳೆ ಗಿರಾಕಿಗಳಲ್ಲಿ ಬೇಕಾದವರನ್ನು ಆರಿಸಿ ಕರೆಯುತ್ತವೆ. ತಗೊಂಡ ಕೂಡಲೇ ಮಾರಬಾರದು ಅಂತ ಕೆಲವು ಕಂಪನಿಗಳು ಬರೆಸಿಕೊಳ್ಳುತ್ತವೆ. ಹೈಬ್ರಿಡ್ ಅಲ್ಲದ ಫೋರ್ಡ್ ಜಿಟಿ ಕಾರನ್ನು ಎರಡು ವರ್ಷದೊಳಗೆ ಮಾರಿದರೆಂದು 2017ರಲ್ಲಿ ಕುಸ್ತಿಪಟು, ನಟ ಜಾನ್ ಸೀನಾ ಅವರ ಮೇಲೆ ಫೋರ್ಡ್ ಕೇಸು ಹಾಕಿತ್ತು. ಮರುವರ್ಷ ರಾಜಿಯಾಯಿತು.

ಕೆಲವೇ ಕಾರು ಮಾಡುವುದು ಎಷ್ಟು ದುಡ್ಡು ಹುಟ್ಟಿಸುತ್ತದೆ ಅನ್ನುವುದಕ್ಕೆ ಒಂದು ಕಾರಿನ ಕಥೆ ಸಾಕು. 2000ದ ದಶಕದಲ್ಲಿ ಫೆರಾರಿ ತನ್ನ ಎಂಜೊ ಕಾರನ್ನು 399 ಮಾಡಿತ್ತು. ನಾನೂರನೆಯದನ್ನು ಮಾಡಿ ಪೋಪ್ ಎರಡನೇ ಜಾನ್ ಪಾಲ್ ಅವರಿಗೆ ಕೊಟ್ಟರು. ಅದನ್ನು ಹರಾಜು ಹಾಕಿ ಬಂದ ದುಡ್ಡನ್ನು ಸುನಾಮಿಯಲ್ಲಿ ನೊಂದವರಿಗೆ ಕೊಡುವುದು ಅಂತಾಯಿತು. 2004ರ ಅದೇ ಸುನಾಮಿ, ನಮ್ಮ ಕೊಲ್ಲಂ ಕಡೆಯ ಮೀನುಗಾರರ ಮನೆಗಳನ್ನೂ ಎಳೆದುಕೊಂಡು ಹೋದದ್ದು. 2005ರ ಜೂನಿನಲ್ಲಿ ಆ ಕಾರು 9.5 ಲಕ್ಷ ಯೂರೊಗೆ ಹೋಯಿತು. ಆಗಿನ ಲೆಕ್ಕದಲ್ಲಿ ಸುಮಾರು 5 ಕೋಟಿ ರೂಪಾಯಿ. ಹತ್ತು ವರ್ಷದ ನಂತರ, 2015ರಲ್ಲಿ, ಅದೇ ಕಾರು ಅಮೆರಿಕದ ಮಾಂಟೆರೆಯಲ್ಲಿ ಮತ್ತೆ ಹರಾಜಿಗೆ ಬಂತು. ಈ ಸಲ 60.5 ಲಕ್ಷ ಡಾಲರ್. ಸುಮಾರು 39 ಕೋಟಿ. ಯಂತ್ರ ಅದೇ. ಒಂದು ನಟ್ಟು ಸಹ ಜಾಸ್ತಿ ಆಗಿರಲಿಲ್ಲ.

2016ರಲ್ಲಿ ಇಟಲಿಯಲ್ಲಿ ಭೂಕಂಪವಾದಾಗ ಫೆರಾರಿ ಮತ್ತೆ ಹಾಗೆಯೇ ಮಾಡಿತು. ಐನೂರನೆಯ ಲಾಫೆರಾರಿಯನ್ನು ಕಟ್ಟಿ ಹರಾಜು ಹಾಕಿತು. ಹೊಸದಾಗಿ ಸುಮಾರು 14 ಲಕ್ಷ ಡಾಲರಿಗೆ ಕೊಟ್ಟ ಕಾರು, ಅವತ್ತು 70 ಲಕ್ಷ ಡಾಲರಿಗೆ ಹೋಯಿತು. ದಾನಕ್ಕೆ ಅಂತ ಜನ ಕೈ ಬಿಚ್ಚಿ ಕೊಟ್ಟಿರಬಹುದು, ಸರಿ. ಆದರೆ ದಾನದ ಮಾತಿಲ್ಲದ ಹರಾಜುಗಳಲ್ಲೂ ಲಾಫೆರಾರಿ 30 ಲಕ್ಷ ಡಾಲರ್ ದಾಟಿದ್ದು ಹಲವು ಸಲ.

ಹಾಗಾದರೆ ನಂಬರು ಕಡಿಮೆ ಇದ್ದರೆ ಬೆಲೆ ಏರುತ್ತದೆ ಅಂತ ಬರೆದು ಮುಗಿಸಬಹುದಾ? ಆಗುವುದಿಲ್ಲ. ಮತ್ತೆ ಆ ಮೂರು ಕಾರು ನೋಡಿ. ಅತಿ ಕಡಿಮೆ ಇರುವುದು ಪಿ1, 375. ಆದರೂ ಅದರ ಬೆಲೆ ಲಾಫೆರಾರಿಯಂತೆ ಹಾರಲಿಲ್ಲ. ಅತಿ ಜಾಸ್ತಿ ಇರುವುದು ಪೋರ್ಷೆ, ಅದೇನು ತೀರಾ ಹಿಂದೆ ಬೀಳಲಿಲ್ಲ. ಅಂದರೆ ನಂಬರಿನ ಜತೆ ಇನ್ನೇನೋ ಬೇಕು. ಹನ್ನೆರಡು ಸಿಲಿಂಡರಿನ ಎಂಜಿನ್ ಬೇಕು, ಹಳೆ ಮನೆತನದ ಹೆಸರು ಬೇಕು, ಮುಂದೆ ಹಾಳಾದರೆ ಕಂಪನಿ ನೋಡಿಕೊಳ್ಳುತ್ತದೆ ಅನ್ನುವ ಧೈರ್ಯ ಬೇಕು. ಈ ಕೊನೆಯದರ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ. ನನಗೆ ಅದೇ ಮುಖ್ಯ ಅನಿಸುತ್ತದೆ.

ನಮ್ಮಲ್ಲಿ ಅಡಿಕೆ ಇಡುವುದಿಲ್ಲವಾ, ಹಾಗೆ. ಒಣಗಿಸಿ ಸುಲಿದ ಅಡಿಕೆಗೆ ಒಂದು ದರ, ವರ್ಷ ಕಳೆದ ಹಳತಿಗೆ ಇನ್ನೊಂದು ದರ, ಇನ್ನೂ ಹೆಚ್ಚು ಕಾಲ ಇಟ್ಟ ಡಬಲ್ ಚೋಲಿಗೆ ಅದಕ್ಕೂ ಮೇಲೆ. ಅಟ್ಟದಲ್ಲಿ ಇಟ್ಟವನಿಗೆ ಲಾಭ. ಆದರೆ ಇಟ್ಟು ಮರೆತವನಿಗೆ ಅಲ್ಲ. ಪಸೆ ತಾಗಬಾರದು, ಹುಳು ಹಿಡಿಯಬಾರದು, ಮಳೆಗಾಲದಲ್ಲಿ ಚೀಲದ ಬಾಯಿ ಬಿಗಿಯಾಗಿರಬೇಕು. ದರ ಏರಿದ್ದು ಪೇಪರಿನಲ್ಲಿ ಕಾಣುತ್ತದೆ, ಚೀಲದೊಳಗಿನ ಹುಳು ಕಾಣುವುದಿಲ್ಲ. ಹೈಬ್ರಿಡ್ ಸೂಪರ್‌ಕಾರಿನ ಹುಳು ಅದರ ಬ್ಯಾಟರಿ.

ಲಿಥಿಯಂ ಬ್ಯಾಟರಿಗೆ ಎರಡು ಥರದ ಮುಪ್ಪು. ಒಂದು ಬಳಸಿ ಬರುವುದು. ಇನ್ನೊಂದು ಸುಮ್ನೆ ಇಟ್ಟರೂ ಬರುವುದು. ಈ ಕಾರುಗಳನ್ನು ಕೊಲ್ಲುವುದು ಎರಡನೆಯದು. ಬಿಸಿ ಜಾಸ್ತಿ ಇದ್ದರೆ ಮುಪ್ಪು ಬೇಗ ಬರುತ್ತದೆ. ಪೂರ್ತಿ ಚಾರ್ಜಿನಲ್ಲಿ ತಿಂಗಳುಗಟ್ಟಲೆ ಇಟ್ಟರೂ ಬೇಗ. ಚಾರ್ಜ್ ಇಳಿದು ಇಳಿದು ತಳ ಕಂಡರೆ ಅದಕ್ಕಿಂತ ಕೆಟ್ಟದು. ಸೆಲ್ಲಿನೊಳಗಿನ ತಾಮ್ರ ಕರಗಲು ಶುರುವಾಗುತ್ತದೆ. ಆಮೇಲೆ ಚಾರ್ಜ್ ಮಾಡಹೋದರೆ ಬೆಂಕಿಯ ಭಯ. ಮೇಜಿನ ಡ್ರಾವರಿನಲ್ಲಿ ಮರೆತ ಹಳೆ ಫೋನು ಊದಿಕೊಂಡದ್ದನ್ನು ಎಷ್ಟೋ ಜನ ನೋಡಿದ್ದೀರಿ, ಅಲ್ವಾ? ಅದೇ ಜಾತಿಯ ಕಾಯಿಲೆ. ಇಲ್ಲಿ ಆ ಪೆಟ್ಟಿಗೆಯ ತೂಕ 60 ಕಿಲೋ, ನೂರು ಕಿಲೋ. ಅದಕ್ಕೇ ನನ್ನ ಅಳಿಯ ದಿನಾ ಹಸಿರು ದೀಪ ನೋಡುವುದು. ಹೊರಗೆ 45 ಡಿಗ್ರಿ ಬಿಸಿಲು ಸುಡುವಾಗ ಶೆಡ್ಡಿನೊಳಗೆ ಹಗಲೂ ರಾತ್ರಿ ಎಸಿ ಓಡುವುದು.

1962ರ ಒಂದು ಫೆರಾರಿ 250 ಜಿಟಿಒ 2018ರಲ್ಲಿ 484 ಲಕ್ಷ ಡಾಲರಿಗೆ ಹೋಯಿತು. ಸುಮಾರು 340 ಕೋಟಿ ರೂಪಾಯಿ. ಆ ಕಾರಿನ ಯಾವ ಭಾಗ ಸವೆದರೂ ಒಳ್ಳೆ ಲೇತ್ ಇರುವ, ಕೈ ಪಳಗಿದ ಮೇಸ್ತ್ರಿ ಮತ್ತೆ ಮಾಡಿಕೊಟ್ಟಾನು. ಪಿಸ್ಟನ್ ಮಾಡಬಹುದು, ಗೇರು ಕಡೆಯಬಹುದು. ಲಾಫೆರಾರಿಯ ಬ್ಯಾಟರಿಯನ್ನು ಲೇತಿನಲ್ಲಿ ಕಡೆಯಲು ಬರುವುದಿಲ್ಲ. ಅದರೊಳಗಿನ ಸೆಲ್ಲು ಒಂದು ಕಾಲದ ರಸಾಯನ. ಆ ಸೆಲ್ಲಿನ ತಯಾರಿ ನಿಂತರೆ ಬೇರೆ ಸೆಲ್ಲು ಹಾಕಬೇಕು. ಬೇರೆ ಸೆಲ್ಲು ಹಾಕಿದರೆ ಅದನ್ನು ಕಾಯುವ ಎಲೆಕ್ಟ್ರಾನಿಕ್ಸ್ ಒಪ್ಪಬೇಕು, ಕಾರಿನ ಸಾಫ್ಟ್‌ವೇರ್ ಒಪ್ಪಬೇಕು. ಆ ಸಾಫ್ಟ್‌ವೇರಿನ ಬೀಗದ ಕೀಲಿ ಕಂಪನಿ ಕೈಯಲ್ಲಿ. ಅಂದರೆ ಹಳೆ ಫೆರಾರಿ ಕೊಂಡವನು ಕಾರು ಕೊಂಡ. ಹೈಬ್ರಿಡ್ ಕೊಂಡವನು ಕಾರಿನ ಜತೆ ಕಂಪನಿಯ ಹಂಗನ್ನೂ ಕೊಂಡ.

ಇದು ಕಂಪನಿಗಳಿಗೂ ಗೊತ್ತು. 2024ರಲ್ಲಿ ಫೆರಾರಿ ತನ್ನ ಹೈಬ್ರಿಡ್ ಕಾರುಗಳಿಗೆ ಹೊಸ ವಾರಂಟಿ ಯೋಜನೆ ತಂದಿತು. ವರ್ಷ ವರ್ಷ ದುಡ್ಡು ಕಟ್ಟುತ್ತಾ ಬಂದರೆ 8ನೇ ವರ್ಷಕ್ಕೊಮ್ಮೆ, 16ನೇ ವರ್ಷಕ್ಕೊಮ್ಮೆ ಹೊಸ ಬ್ಯಾಟರಿ. ಓದುವವನಿಗೆ ಇದು ಸಣ್ಣ ಸುದ್ದಿ. ನನ್ನ ಲೆಕ್ಕದಲ್ಲಿ ಎಷ್ಟೋ ಹರಾಜಿನ ಸುದ್ದಿಗಿಂತ ದೊಡ್ಡದು. ಬ್ಯಾಟರಿ ಇಲ್ಲದೆ ಆ ಬೆಲೆ ನಿಲ್ಲುವುದಿಲ್ಲ ಅಂತ ಕಂಪನಿಯೇ ಒಪ್ಪಿಕೊಂಡ ಹಾಗೆ ಅದು.

ಕೊಳ್ಳುವವರೂ ಇದನ್ನು ಮೂಸಿ ನೋಡಿದ ಹಾಗಿದೆ. ಪೋರ್ಷೆಯದ್ದೇ ಹಿಂದಿನ ಕರೇರಾ ಜಿಟಿ ನೋಡಿ. ಬ್ಯಾಟರಿ ಇಲ್ಲ, ಕೈಯಲ್ಲಿ ಹಾಕುವ ಗೇರು, ಮಾಡಿದ್ದು 1,270. ಆಗ ಅದರ ಬೆಲೆ 4.4 ಲಕ್ಷ ಡಾಲರ್, 918ರ ಹತ್ತಿರ ಹತ್ತಿರ ಅರ್ಧ. ಈಗ ಅದೂ ಹತ್ತು ಲಕ್ಷ ಡಾಲರ್ ದಾಟಿ ಮಾರಾಟವಾಗುತ್ತಿದೆ. ಇನ್ನೊಂದು ತುದಿಯಲ್ಲಿ ಕ್ರೊಯೇಷಿಯಾದ ರಿಮಾಕ್ ನೆವೆರಾ. ಪೂರ್ತಿ ಕರೆಂಟಿನ ಕಾರು, ವೇಗದಲ್ಲಿ ಎಲ್ಲರನ್ನೂ ಮೀರಿಸುವಂಥದ್ದು. 150 ಮಾಡುವುದೆಂದು ಹೊರಟರು. ಇಂಥ ಕಾರು ಕೊಳ್ಳುವವರಿಗೆ ಕರೆಂಟಿನ ಮೇಲೆ ಆಸೆ ತಗ್ಗಿದೆ ಅಂತ 2024ರಲ್ಲಿ ಅದರ ಸ್ಥಾಪಕ ಮಾಟೆ ರಿಮಾಕ್ ಅವರೇ ಬಾಯಿಬಿಟ್ಟು ಹೇಳಿದರು. ಅವರ ಕಾರಿನಲ್ಲಿ ಕೆಲಸಗಾರಿಕೆಗೆ ಏನೂ ಕೊರತೆ ಇರಲಿಲ್ಲ. ಸಂಗ್ರಹ ಮಾಡುವವರು ವೇಗವನ್ನು ಕೊಳ್ಳುವುದಿಲ್ಲ, ಮತ್ತೆ ಹುಟ್ಟದ ವಸ್ತುವನ್ನು ಕೊಳ್ಳುತ್ತಾರೆ.

ಹೂಡಿಕೆ ಅನ್ನುವ ಮಾತನ್ನು ಇಲ್ಲಿ ಸ್ವಲ್ಪ ಹುಷಾರಾಗಿ ಬಳಸಬೇಕು. ತೋಟ ಕೊಂಡರೆ ವರ್ಷಕ್ಕೊಮ್ಮೆ ಫಸಲು ಬರುತ್ತದೆ. ಬ್ಯಾಂಕಿನಲ್ಲಿಟ್ಟರೆ ಬಡ್ಡಿ. ಈ ಕಾರು ಮಾರುವವರೆಗೆ ಒಂದು ಪೈಸೆ ಕೊಡುವುದಿಲ್ಲ. ಬದಲಿಗೆ ಕೇಳುತ್ತದೆ. ಶೆಡ್ಡಿನ ಬಾಡಿಗೆ, ವಿಮೆ, ವರ್ಷದ ಸರ್ವಿಸ್. ಓಡದಿದ್ದರೂ ಟಯರಿನ ರಬ್ಬರ್ ಗಟ್ಟಿಯಾಗುತ್ತದೆ, ಬದಲಿಸಬೇಕು. ಹರಾಜಿನಲ್ಲಿ ಏರಿದ ಬೆಲೆ ಪೇಪರಿನಲ್ಲಿ ಬರುತ್ತದೆ, ಈ ಖರ್ಚು ಬರುವುದಿಲ್ಲ.

ಇನ್ನು ನಮ್ಮ ದೇಶದಲ್ಲಿ ಇದನ್ನು ಹೂಡಿಕೆ ಅಂತ ಯೋಚಿಸುವುದೇ ತಪ್ಪು. ಲೆಕ್ಕ ನೋಡಿ. ಹೊರದೇಶದಲ್ಲಿ 10 ಕೋಟಿಯ ಕಾರು ಅಂತ ಇಟ್ಟುಕೊಳ್ಳೋಣ. 2025ರ ಬಜೆಟ್ಟಿನ ಪ್ರಕಾರ ಇಂಥ ದುಬಾರಿ ಕಾರಿಗೆ ಆಮದು ಸುಂಕ 70 ಪರ್ಸೆಂಟ್, ಅದರ ಮೇಲೆ ಕೃಷಿ ಮೂಲಸೌಕರ್ಯದ ಹೆಸರಿನಲ್ಲಿ 40. ಒಟ್ಟು 110. ಕಾರು 21 ಕೋಟಿಯಾಯಿತು. ಅದರ ಮೇಲೆ 40 ಪರ್ಸೆಂಟ್ ಜಿಎಸ್‌ಟಿ, 29 ಕೋಟಿ 40 ಲಕ್ಷ. ಆಮೇಲೆ ಕೇರಳದ ರಸ್ತೆ ತೆರಿಗೆ, ಅದು ಐದರಲ್ಲಿ ಒಂದು ಪಾಲಿಗೂ ಜಾಸ್ತಿ. 35 ಕೋಟಿ ದಾಟಿತು. ಅದೇ ಕಾರಿಗೆ ದುಬೈಯಲ್ಲಿ 5 ಪರ್ಸೆಂಟ್ ಸುಂಕ, 5 ಪರ್ಸೆಂಟ್ ವ್ಯಾಟ್. 11 ಕೋಟಿಯಲ್ಲಿ ಮುಗಿಯಿತು. ಇಲ್ಲಿ ಕೊಂಡವನಿಗೆ ಬೆಲೆ ಮೂರು ಪಟ್ಟು ಏರಿದರೂ ಹಾಕಿದ ದುಡ್ಡು ಬರುವುದಿಲ್ಲ. ಅದಕ್ಕೇ ಕಾರು ಅಲ್ಲಿ, ಕಾರು ನೋಡಿಕೊಳ್ಳುವ ನಮ್ಮ ಹುಡುಗರೂ ಅಲ್ಲಿ.

ತೆರಿಗೆ ಒಂದೇ ಅಲ್ಲ. ಲಾಫೆರಾರಿ, ಪಿ1, 918 ಮೂರೂ ಎಡಗಡೆ ಸ್ಟೀರಿಂಗಿನ ಕಾರುಗಳು. ನಮ್ಮ ದೇಶಕ್ಕೆ ಆಮದು ಮಾಡಬೇಕಾದರೆ ಸ್ಟೀರಿಂಗ್ ಬಲಗಡೆ ಇರಬೇಕು. ಹಾಗಾದರೆ ಕೇರಳದ ರಸ್ತೆಯಲ್ಲಿ ಕೆಲವೊಮ್ಮೆ ದುಬೈ ನಂಬರಿನ ಕಾರು ಕಾಣುವುದು ಹೇಗೆ? ಅದು ಕಾರ್ನೆಟ್ ಅನ್ನುವ ಕಾಗದದ ಮೇಲೆ. ಗಲ್ಫಿನಲ್ಲಿ ಇರುವವರು ರಜೆಗೆ ಬರುವಾಗ ಕಾರನ್ನು ಹಡಗಿನಲ್ಲಿ ತಂದು, ಆರು ತಿಂಗಳೊಳಗೆ ಮರಳಿ ಒಯ್ಯುವ ಏರ್ಪಾಡು. ಉಪ್ಪಳದಲ್ಲಿ ಅಂಥ ಒಂದು ಕಾರು ನಿಂತರೆ ಶಾಲೆ ಮಕ್ಕಳು ಸುತ್ತ ಸೇರುವುದು ನೋಡಬೇಕು. ಸುಂಕ ತಪ್ಪಿಸಲು ಕಳ್ಳದಾರಿ ಹಿಡಿದವರೂ ಇದ್ದಾರೆ. 2025ರ ಸೆಪ್ಟೆಂಬರಿನಲ್ಲಿ ಕಸ್ಟಮ್ಸ್‌ನವರು ಭೂತಾನ್ ಮೂಲಕ ಬಂದ ಐಷಾರಾಮಿ ಗಾಡಿಗಳನ್ನು ಹುಡುಕಿ ಕೇರಳದ ತುಂಬ ದಾಳಿ ಮಾಡಿದರು. ಕಾಗದ ಸರಿ ಇಲ್ಲದ ಕಾರಿಗೆ ಸಂಗ್ರಹದ ಬೆಲೆ ಅಂತ ಒಂದು ಇರುವುದೇ ಇಲ್ಲ.

ಹೀಗಿರುವಾಗ ಕಾಸರಗೋಡಿನವರು ಈ ಕಾರುಗಳ ಬಗ್ಗೆ ಯಾಕೆ ತಲೆ ಕೆಡಿಸಿಕೊಳ್ಳಬೇಕು? ಕೊಳ್ಳಲು ಅಲ್ಲ. ಅವುಗಳ ಹೊಟ್ಟೆಯಲ್ಲಿರುವ ನೂರಾರು ವೋಲ್ಟಿನ ಬ್ಯಾಟರಿ ಈಗ ನಮ್ಮ ಊರಿಗೂ ಬಂದಿದೆ. ಹೈಬ್ರಿಡ್ ಟ್ಯಾಕ್ಸಿ, ಹೈಬ್ರಿಡ್ ಮನೆ ಕಾರು ದಿನಾ ಹೈವೇಯಲ್ಲಿ ಹೋಗುತ್ತಿವೆ. ವಾರಂಟಿ ಮುಗಿದ ಮೇಲೆ ಅವು ಬರುವುದು ರಸ್ತೆ ಬದಿಯ ಗ್ಯಾರೇಜಿಗೇ. ಆ ಕೆಲಸ ಗೊತ್ತಿರುವ ಕೈಗಳು ಸದ್ಯಕ್ಕೆ ಗಲ್ಫಿನಲ್ಲಿವೆ. ಅಲ್ಲಿ ಕಂಪನಿ ಖರ್ಚಿನಲ್ಲಿ ತರಬೇತಿ ಕೊಡುತ್ತಾರೆ. ಇಲ್ಲಿಯ ಹುಡುಗರಿಗೂ ಅದನ್ನು ಐಟಿಐಯಲ್ಲೇ ಕೈಹಿಡಿದು ಕಲಿಸಬೇಕು. ಗ್ಲೌಸ್ ಹಾಕಿಸಿ ಕಲಿಸಬೇಕು, ಪುಸ್ತಕದಲ್ಲಿ ಚಿತ್ರ ತೋರಿಸಿ ಅಲ್ಲ.

ಹೊರಡುವ ಹಿಂದಿನ ದಿನ ಅಳಿಯ ಕುಂಬಳೆಯ ತನ್ನ ಹಳೆ ಗ್ಯಾರೇಜಿಗೆ ಹೋದ. ನಾನೂ ಜತೆಗಿದ್ದೆ. ಅಲ್ಲಿ ಒಂದು ಹೈಬ್ರಿಡ್ ಕಾರು ಎರಡು ದಿನದಿಂದ ನಿಂತಿತ್ತು. ಬಾನೆಟ್ ಎತ್ತಿ, ಹೈ ವೋಲ್ಟೇಜಿನ ಗುರುತಾದ ಕಿತ್ತಳೆ ಬಣ್ಣದ ಕೇಬಲ್ ಕಂಡವರೇ ಮುಟ್ಟದೆ ಬಿಟ್ಟಿದ್ದರು. ಇವನು ಗ್ಲೌಸ್ ಸುರುಳಿ ಸುತ್ತಿ ಕಿವಿಗೆ ಹಿಡಿದು ನೋಡಿದ. ಕೈಗೆ ಹಾಕಿದ. ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ಎಳೆದು, ಬೇರೆಯವರು ಮರೆತು ಸಿಕ್ಕಿಸಬಾರದು ಅಂತ ಅದನ್ನು ತನ್ನ ಕಿಸೆಗೆ ಹಾಕಿಕೊಂಡ.

"ಇನ್ನು ಬಿಚ್ಚಬಹುದಲ್ಲ?" ಅಂದರು ಗ್ಯಾರೇಜಿನವರು.

"ಇಲ್ಲ ಅಣ್ಣ, ಒಳಗೆ ಇನ್ನೂ ಕರೆಂಟು ನಿಂತಿರ್ತದೆ. ಹತ್ತು ನಿಮಿಷ ಕಾಯಬೇಕು. ಆಮೇಲೂ ಮೀಟರ್ ಇಟ್ಟು ನೋಡಿಯೇ ಮುಟ್ಟಬೇಕು."

ಕೆಲಸಕ್ಕಿದ್ದ ಇಬ್ಬರು ಹುಡುಗರು ಹತ್ತಿರ ಬಂದು ನಿಂತರು. ಒಬ್ಬ ಗೋಡೆಯ ಗಡಿಯಾರ ನೋಡಿ, ಸ್ಪಾರ್ಕ್ ಪ್ಲಗ್ಗಿನ ಖಾಲಿ ಪೆಟ್ಟಿಗೆಯ ಮೇಲೆ ಗಂಟೆ ಬರೆದಿಟ್ಟ. 11 ಗಂಟೆ 20 ನಿಮಿಷ.